ಅಕ್ಕನ ಹೆಬ್ಬೆರಳು

ಅಕ್ಕನ ಬಲಗೈ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ಚಹಾದ ಕಪ್ಪಿನ ಮೇಲೆ, ಸಾಂಗ್ಲಿ ಬಸ್ಸಿನ ಕಂಬಿಯ ಮೇಲೆ, ಕಿಟಕಿಯಾಚೆ ನೋಡುತ್ತ ಮೈಮರೆತಾಗ ತಮ್ಮದೇ ತೊಡೆಯ ಮೇಲೆ ಮೆಲ್ಲಗೆ ಕುಟ್ಟುತ್ತಿತ್ತು. ಅರ್ಧ ಆಯುಷ್ಯ ಟೈಪರೈಟರಿನಲ್ಲಿ ಖಾಲಿ ಜಾಗ ಬಿಡುವ ಸ್ಪೇಸ್ ಬಾರ್ ಒತ್ತಿದ ಬೆರಳು ಅದು.

ನಮ್ಮದು ಸಹಕಾರಿ ಸಕ್ಕರೆ ಕಾರ್ಖಾನೆ. ಅವರು ಅಲ್ಲಿ ಹಳೆಯ ಟೈಪಿಸ್ಟ್, ಆಫೀಸಿಗೆಲ್ಲ ಅಕ್ಕ; ನಾನು ಅವರ ಕೈಕೆಳಗೆ ಹೊಸದಾಗಿ ಸೇರಿದವಳು. ಕಬ್ಬು ಅರೆಯುವ ದಿನಗಳಲ್ಲಿ ಕಂಪ್ಯೂಟರ್ ಕೋಣೆಯೂ ಬೆಲ್ಲದ ವಾಸನೆಯಲ್ಲಿ ತೂಕಡಿಸುತ್ತಿತ್ತು. ಸದಸ್ಯರ ಹೆಸರುಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿದವರು ಅಕ್ಕ. ಹೆಸರಿನ ಕೆಳಗೆ ಹೆಸರು, ಅಪ್ಪನದೋ ಗಂಡನದೋ ಹೆಸರಿನ ಕೆಳಗೆ ಅಂಥದೇ ಹೆಸರು ನೆಟ್ಟಗೆ ನಿಲ್ಲಲೆಂದು ನಡುವೆ ಕೈತುಂಬ ಖಾಲಿ ಜಾಗ ಬಿಟ್ಟಿದ್ದರು. ನೋಡಲು ರಂಗೋಲಿಯಷ್ಟು ಚೆಂದವಿತ್ತು.

ಆ ದೀಪಾವಳಿಗೆ ಮೊದಲ ಸಲ ಕಂಪ್ಯೂಟರಿನಲ್ಲಿ ಹೆಸರು ನೋಡಿ ಸದಸ್ಯರಿಗೆ ಅಗ್ಗದ ಸಕ್ಕರೆ ಕೊಡುವುದಿತ್ತು. ಸಾಲಿನಲ್ಲಿ ಮೊದಲು ನಿಂತವಳು ಲಿಂಗನೂರಿನ ಅಜ್ಜಿ. ಹುಡುಕಿದೆ. ಅಂಥ ಹೆಸರೇ ಇಲ್ಲ ಎಂದಿತು ಕಂಪ್ಯೂಟರ್.

"ಸಕ್ಕರಿ ಇರ್ಲಿ ತಂಗಿ," ಎಂದಳು ಅಜ್ಜಿ. "ನಮ್ಮವರು ಹ್ವಾದ ಮ್ಯಾಲ ಶೇರು ನನ್ನ ಹೆಸರಿಗೆ ಆಗೇತಿ. ಅದರಾಗ ನಾ ಅದೀನೋ ಇಲ್ಲೋ, ಅಷ್ಟ ನೋಡು."

ಅಕ್ಕ ಬಂದು ಬಗ್ಗಿ ನೋಡಿದರು. ನಾನು ಅಜ್ಜಿಯ ಹೆಸರಿಗೂ ಗಂಡನ ಹೆಸರಿಗೂ ನಡುವೆ ಒಂದು ಜಾಗ ಬಿಟ್ಟು ಹುಡುಕಿದ್ದೆ. ಅವರು ನಾಲ್ಕಾರು ಬಿಟ್ಟು ಬರೆದಿದ್ದರು. ಕಂಪ್ಯೂಟರಿನ ಲೆಕ್ಕದಲ್ಲಿ ಅವಳು ಬೇರೆಯೇ ಹೆಂಗಸು.

"ಎಲ್ಲಾ ಈ ಬಟ್ಟಿನ ಕಿತಾಪತಿ," ಎಂದು ಹೆಬ್ಬೆರಳು ಮಡಚಿಕೊಂಡರು.

ಖಾಲಿ ಜಾಗವನ್ನೆಲ್ಲ ಅಳಿಸಿಬಿಡೋಣವೇ ಎಂದೆ.

"ಪೂರಾ ತಗೀಬ್ಯಾಡವಾ. ಗಂಡನ ಹೆಸರಿಗೆ ಅಂಟಿ ಕುಂತ್ರ ಯಾರು ಯಾರಂತ ಹ್ಯಾಂಗ ತಿಳೀಬೇಕು? ನಡುವ ಒಂದರ ಇರ್ಲಿ." ಮದುವೆಯಾಗದ ಅಕ್ಕ ಇದನ್ನು ಬಹಳ ಗಂಭೀರವಾಗಿಯೇ ಹೇಳಿದರು.

ಕಂಪ್ಯೂಟರಿನ ಜೊತೆ ಬಂದ ದಪ್ಪ ಪುಸ್ತಕದಿಂದ ಅವರು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ, ಚಿಹ್ನೆಗಳಿಂದ ಹುಡುಕಿ ಬದಲಿಸುವ ವಿದ್ಯೆ ಕಲಿತಿದ್ದರು. ಓರೆಗೆರೆ, ಎಸ್, ಪ್ಲಸ್ ಒತ್ತಿದರು. ಅದರ ಅರ್ಥ: ಖಾಲಿ ಜಾಗ ಒಟ್ಟಿಗೆ ಎಷ್ಟೇ ಸಿಗಲಿ, ಅಲ್ಲಿ ಒಂದೇ ಇಡು. ಪರದೆಯ ಮೇಲೆ ಹೆಸರುಗಳು ಹತ್ತಿರ ಸರಿದವು, ರಂಗೋಲಿ ಕದಡಿತು. ಅಕ್ಕ ಅದನ್ನೇ ನೋಡುತ್ತ ಕೂತರು. ಅವರಿಗೆ ನೋವಾಗಿತ್ತು.

ಮತ್ತೆ ಹುಡುಕಿದೆ.

"ಅದೀನಿ?"

"ಅದೀರಿ ಆಯಿ."

ಆಮೇಲಷ್ಟೇ ಅಜ್ಜಿ ಸಕ್ಕರೆಗೆ ಚೀಲ ಬಿಚ್ಚಿದಳು.

ಅಂದು ಅಕ್ಕ ಕಲಿಸಿದ ವಿದ್ಯೆಯೇ ಇಂದಿಗೂ ನನ್ನ ಅನ್ನ. ಅವರ ಕಡೆಯ ದಿನ ಮಿರಜದ ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತಿದ್ದೆ. ಮಾತು ನಿಂತಿತ್ತು. ಹೆಬ್ಬೆರಳು ಮಾತ್ರ ನನ್ನ ಅಂಗೈಯಲ್ಲಿ ಕುಟ್ಟುತ್ತಲೇ ಇತ್ತು. ಯಾರ ಯಾರ ಹೆಸರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರೋ. ಸಂಜೆಗೆ ಅದೂ ನಿಂತಿತು. ನನ್ನ ಅಂಗೈಯಲ್ಲಿ ಅಕ್ಕ ಬಿಟ್ಟುಹೋದ ಖಾಲಿ ಜಾಗ ಅಷ್ಟೂ ಹಾಗೇ ಇರಲಿ. ಅದರಲ್ಲಿ ಒಂದನ್ನೂ ಕಡಿಮೆ ಮಾಡಲು ನನಗೆ ಮನಸ್ಸಿಲ್ಲ.