ಉದ್ದ ಮೂಗಿನ ದೇವರು

ನನ್ನ ಮೂಗು ಉದ್ದ. ಇದನ್ನು ನಾನೇ ಹೇಳಿಬಿಡುವುದು ಮೇಲು. ಇಲ್ಲದಿದ್ದರೆ ನನ್ನನ್ನು ಕಂಡ ದಿನ ನೀವು ಏನೂ ಗಮನಿಸದವರ ಹಾಗೆ ನಟಿಸಬೇಕಾಗುತ್ತದೆ, ಪಾಪ. ಬರೀ ಉದ್ದವಾಗಿದ್ದರೆ ಚಿಂತೆಯಿರಲಿಲ್ಲ. ಅದರ ತುದಿಯಲ್ಲೇ ಕೋಪವೂ ಇತ್ತು. ಯಶವಂತಪುರದ ನಮ್ಮ ಬೀದಿಯ ತರಕಾರಿಯವಳು ನನ್ನೆದುರು ಮಾತ್ರ ತಕ್ಕಡಿಯನ್ನು ಎರಡು ಸಲ ನೋಡಿಕೊಳ್ಳುತ್ತಿದ್ದಳು.

ಅರವತ್ತರ ದಶಕದ ಮಾತು. ನನ್ನನ್ನು ನೋಡಲು ಜಾಲಹಳ್ಳಿಯಿಂದ ಗಂಡಿನ ಕಡೆಯವರು ಬಂದರು. ಹುಡುಗ ಶ್ರೀಪತಿಗೆ ಅಲ್ಲೇ ಕಾರ್ಖಾನೆಯಲ್ಲಿ ಕೆಲಸ. ಹಿಂದೆ ಬಂದ ಸಂಬಂಧಗಳೆಲ್ಲ ನನ್ನ ಮೂಗಿಗೆ ತಾಗಿ ವಾಪಸಾಗಿದ್ದರಿಂದ ಅಮ್ಮ "ತಲೆ ತಗ್ಗಿಸಿ ಕೂತ್ಕೋ" ಎಂದು ಅಪ್ಪಣೆ ಮಾಡಿದ್ದಳು. ತಲೆ ತಗ್ಗಿಸಿದರೆ ಮೂಗು ಇನ್ನೂ ಉದ್ದ ಕಾಣುತ್ತದೆಂದು ಅವಳಿಗೆ ಹೊಳೆದಿರಲಿಲ್ಲ. ನಾನೋ ಓರೆಗಣ್ಣಿನಲ್ಲಿ ಹುಡುಗನನ್ನೇ ನೋಡುತ್ತಿದ್ದೆ. ಉಪ್ಪಿಟ್ಟಿನಲ್ಲಿ ಸಿಕ್ಕ ಮೆಣಸಿನಕಾಯಿಯನ್ನು ಆತ ಯಾರಿಗೂ ಕಾಣದಂತೆ ಜೇಬಿಗೆ ಸೇರಿಸಿದ. ಮದುವೆಯಾದರೆ ಇವನನ್ನೇ ಎಂದುಕೊಂಡೆ.

"ಹುಡುಗಿ ಲಕ್ಷಣವಾಗಿದ್ದಾಳೆ ಕಣ್ರೀ. ಆದ್ರೆ ಮೂಗು..." ಎಂದು ಅವನ ತಾಯಿ ಅರ್ಧಕ್ಕೇ ನಿಲ್ಲಿಸಿದರು. ಮಿಕ್ಕರ್ಧ ಎಲ್ಲರ ಕಣ್ಣೆದುರಿಗೇ ಇತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ಸಾಲೊಮನ್ ಮೇಷ್ಟ್ರು ತಟ್ಟೆ ಕೆಳಗಿಟ್ಟರು. ಪಾದ್ರಿಗಳಾಗುವವರಿಗೆ ಹೀಬ್ರೂ ಕಲಿಸಿ ನಿವೃತ್ತರಾದವರು. ಹಿರಿಯರೆಂದು ಅಪ್ಪ ಕರೆದಿದ್ದರು.

"ಉದ್ದ ಮೂಗು ದೈವಲಕ್ಷಣ ಕಣಮ್ಮ. ಹೀಬ್ರೂನಲ್ಲಿ 'ಅಫ್' ಅಂದ್ರೆ ಮೂಗು. ನಮ್ಮ ಶಾಸ್ತ್ರದಲ್ಲಿ ದೇವರನ್ನ 'ಎರೆಖ್ ಅಪ್ಪಾಯಿಂ' ಅಂತಾರೆ, ಉದ್ದ ಮೂಗಿನವನು ಅಂತ. ಅಂದ್ರೆ ಮಹಾ ತಾಳ್ಮೆಯವನು. ಬಿಸಿ ಉಸಿರು ಅಷ್ಟು ದೂರ ಬರೋ ಹೊತ್ತಿಗೆ ತಣ್ಣಗಾಗಿರುತ್ತೆ ನೋಡಿ!"

ಉಸಿರಿನ ಭಾಗ ಮೇಷ್ಟ್ರ ಸ್ವಂತದ್ದೆಂದು ಈಗಲೂ ನನಗೆ ಗುಮಾನಿ. ಮೂಗಿನ ಮಾತು ಮಾತ್ರ ನಿಜ. ಬೈಬಲನ್ನು ಕನ್ನಡಕ್ಕೆ ತಂದವರು ಇದನ್ನು 'ದೀರ್ಘಶಾಂತ' ಎಂದರಂತೆ. ದೀರ್ಘವನ್ನು ಉಳಿಸಿಕೊಂಡು ಮೂಗನ್ನು ಮರ್ಯಾದೆಯಿಂದ ಕೈಬಿಟ್ಟರು.

"ನಂಗೆ ಸಿಟ್ಟು ಜಾಸ್ತಿ. ತಾಳ್ಮೆಯಿರೋ ಸೊಸೆನೇ ಬೇಕಿತ್ತು" ಎಂದು ಆಕೆ ಒಪ್ಪಿಬಿಟ್ಟರು. ನಾನು ಆದಷ್ಟು ತಾಳ್ಮೆಯಿಂದ ಉಸಿರಾಡಿದೆ.

ಮದುವೆಯಾಯಿತು. ಒಂದು ದಿನ ನನ್ನ ಸಾರನ್ನು ಅತ್ತೆ ಕಲಗಚ್ಚು ಎಂದರು. ನನ್ನ ಕೈಲಿದ್ದ ಸೌಟು ಕಿಟಕಿಯಿಂದ ಹಾರಿ ಪಕ್ಕದ ಕ್ವಾರ್ಟರ್ಸಿನ ಕುಂಬಳ ಬಳ್ಳಿಯಲ್ಲಿ ನೇತಾಡಿತು. ಅತ್ತೆ ಮರುದಿನವೇ ನನ್ನನ್ನೂ ಮಗನನ್ನೂ ಹೊರಡಿಸಿಕೊಂಡು ಮೇಷ್ಟ್ರ ಮನೆಗೆ ನುಗ್ಗಿದರು.

"ಏನ್ರೀ ಮೇಷ್ಟ್ರೇ, ಇದೇನಾ ನಿಮ್ಮ ತಾಳ್ಮೆ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಅಫ್ ಅನ್ನೋದಕ್ಕೆ ಕೋಪ ಅಂತಲೂ ಅರ್ಥ ಇದೆ ಕಣಮ್ಮ."

"ಅವತ್ತೇ ಹೇಳೋಕೇನಾಗಿತ್ತು?"

"ನೀವು ಕೇಳಿದ್ದು ಮೂಗಿನ ವಿಷಯ ಅಲ್ವಾ?"

ಅತ್ತೆ ಧುಮುಗುಟ್ಟುತ್ತಲೇ ಬಸ್ಸು ಹತ್ತಿದರು. ಕಂಡಕ್ಟರು "ಮುಂದೆ ಹೋಗ್ರಮ್ಮ" ಎಂದು ರೇಗಿದ. ಅತ್ತೆ ಅವನನ್ನು ಬೈಯಲು ಶುರುಮಾಡಿದರು, ಅವರು ಕೆಮ್ಮಿದಾಗ ನಾನು ಮುಂದುವರಿಸಿದೆ. ಅತ್ತೆ ನನ್ನನ್ನು ಮೊದಲ ಸಲ ಅಭಿಮಾನದಿಂದ ನೋಡಿ, "ಪರವಾಗಿಲ್ಲ ಕಣೇ, ನಮ್ಮನೆಗೆ ಹೊಂದ್ಕೋತೀಯ" ಎಂದರು.

ತಾಳ್ಮೆಗೂ ಮೂಗಿಗೂ ಏನು ನಂಟೋ ಆ ದೇವರೇ ಹೇಳಬೇಕು. ನಮ್ಮ ಮನೆಯಲ್ಲಿ ತಾಳ್ಮೆ ಮೊಂಡು ಮೂಗಿನ ಶ್ರೀಪತಿಯವರ ಪಾಲಿಗೆ ಬಂತು. ಅವತ್ತು ಬಸ್ಸಿನಲ್ಲಿ ಅವರು ನಮ್ಮ ಹಿಂದೆ ನಿಂತು ಕಾದಿದ್ದು, ಅತ್ತೆಯೂ ನಾನೂ ಒಟ್ಟಿಗೆ ಉಸಿರೆಳೆದುಕೊಂಡ ಸಂದಿಯಲ್ಲಿ ಮೂರು ಟಿಕೆಟ್ ತೆಗೆದುಕೊಂಡರು.