ಮಲಪ್ರಭೆ ಉತ್ತರಕ್ಕೆ ತಿರುಗಿದ ಮಧ್ಯಾಹ್ನ

ಇವತ್ತು ಬಾದಾಮಿ ಬಸ್ ನಿಲ್ದಾಣದಲ್ಲಿ ಯಾರೋ ಹೊಸ ಪುಸ್ತಕಗಳ ಕಟ್ಟು ಬಿಚ್ಚಿದರು. ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಗಿರಿಜಾ ಜೊತೆಗಿನ ಆ ಹಳೆಯ ಮಧ್ಯಾಹ್ನ ನೆನಪಾಯಿತು.

ಬಾಗಲಕೋಟೆಯ ಸಣ್ಣ ಮುದ್ರಣಾಲಯವೊಂದರಲ್ಲಿ ನಾವಿಬ್ಬರೂ ಪುಟ ಜೋಡಿಸುತ್ತಿದ್ದೆವು. ಆಗ ಕೈಯಲ್ಲಿದ್ದದ್ದು ಪ್ರವಾಸಿಗರಿಗಾಗಿ ಊರಿಗೊಂದು ಕೈಪಿಡಿ. ಪ್ರತಿಯೊಂದೂ ಒಂದು ಎಕ್ಸ್‌ಎಂಎಲ್ ಕಡತ, ಅಂದರೆ ಶೀರ್ಷಿಕೆ ಯಾವುದು, ಪ್ಯಾರಾ ಯಾವುದು ಎಂದು ಗುರುತು ಹಚ್ಚಿದ ಬರಹ. ಮಲಪ್ರಭೆ ಹೊಳೆಯ ಅಧ್ಯಾಯ ಮಾತ್ರ ಎಲ್ಲದಕ್ಕೂ ಒಂದೇ. ನನ್ನ ಪದ್ಧತಿ ನೀವೂ ಬಲ್ಲಿರಿ: ನಕಲು ಮಾಡು, ಅಂಟಿಸು, ಚಹಾ ಕುಡಿ.

“ಅಣ್ಣಾರ, ನಾಳೆ ಒಂದು ಅಕ್ಷರ ತಪ್ಪಿದ್ರ ಎಲ್ಲಾ ಕಡೆ ತಿದ್ದಬೇಕಲ್ರಿ. ಒಂದ ಕಡೆ ಇಟ್ಟು ಬೇಕಾದಲ್ಲಿ ಕರಸ್ಕೊಳ್ಳೂಣು,” ಎಂದಳು ಗಿರಿಜಾ.

ಮೊದಲು ಎಂಟಿಟಿ ಎಂಬ ಉಪಾಯ ಹಚ್ಚಿ ನೋಡಿದಳು. ಕಡತದ ತಲೆಯಲ್ಲಿ ಅಧ್ಯಾಯಕ್ಕೊಂದು ಹೆಸರಿಟ್ಟು, ಬೇಕಾದಲ್ಲಿ ಆ ಹೆಸರು ಬರೆದರೆ ಅಧ್ಯಾಯ ಬಂದು ಕೂರುತ್ತದೆ. ಆದರೆ ಬಂದರೆ ಇಡಿಯಾಗಿಯೇ ಬರುತ್ತದೆ. ಇಳಕಲ್ ಕೈಪಿಡಿಗೆ ಬೇಕಿದ್ದದ್ದು ಎರಡೇ ಪ್ಯಾರಾ. ಆಮೇಲೆ ಎಕ್ಸ್‌ಇನ್‌ಕ್ಲೂಡ್: ‘ಇಂಥ ಕಡತದ ಇಂಥ ಭಾಗ ಇಲ್ಲಿ ಬರಲಿ’ ಎಂದು ಆ ಜಾಗದಲ್ಲೇ ಬರೆಯುವುದು. ಸೊಗಸಾಗಿತ್ತು. ಆದರೆ ನಮ್ಮ ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರಿಗೆ ಆ ಮಾತು ಅರ್ಥವೇ ಆಗಲಿಲ್ಲ. ಹೊಳೆಯ ಜಾಗ ಬರಿದೋ ಬರಿದು!

“ಸಂಜಿಗೆ ಅಚ್ಚಿಗೆ ಹೋಗ್ಲಿಲ್ಲಂದ್ರ ಈ ಕೆಲಸ ಹುಬ್ಬಳ್ಳಿ ಪ್ರೆಸ್ಸಿನವ್ರ ಪಾಲು,” ಎಂದರು ಮಾಲೀಕರು. ನಾನು ಮತ್ತೆ ಅಂಟಿಸಲು ಕೂತೆ. ಅಷ್ಟರಲ್ಲಿ ಕರಡು ತಿದ್ದುತ್ತಿದ್ದ ನಿವೃತ್ತ ಮಾಸ್ತರರು ಕಾಗದ ಹಿಡಿದು ಬಂದರು.

“ಏನ್ರಿ ಇದು? ಪಟ್ಟದಕಲ್ಲಿನ್ಯಾಗ ಹೊಳಿ ಉತ್ತರಕ್ಕ ತಿರುಗ್ತದ. ನೀವು ದಕ್ಷಿಣಕ್ಕ ಹರಿಸೀರಿ!”

ನನ್ನ ಬೆನ್ನಲ್ಲಿ ಬೆವರು ಹರಿಯಿತು, ಅದಂತೂ ದಕ್ಷಿಣಕ್ಕೇ. ಇಷ್ಟೂ ಪುಸ್ತಕಗಳಲ್ಲಿ ಹುಡುಕಿ ತಿದ್ದುವುದು ಯಾವಾಗ?

ಪರದೆ ನೋಡುತ್ತಿದ್ದ ಗಿರಿಜಾ ತಟ್ಟನೆ ನೆಟ್ಟಗಾದಳು. “ಸಾಫ್ಟ್‌ವೇರಿಗೆ ತಿಳಿಯೂದಿಲ್ಲಂದ್ರ ಬಿಡ್ರಿ. ಅದರ ಕೈಗೆ ಕೊಡೂಕಿಂತ ಮೊದಲ ನಾವ ಎಲ್ಲಾ ಕೂಡಿಸಿ ಕೊಡೂಣು!”

ಎಕ್ಸ್‌ಇನ್‌ಕ್ಲೂಡ್ ಸಾಲುಗಳನ್ನು ಓದಿ, ಹೇಳಿದ ಭಾಗ ತಂದು ಕೂಡಿಸುವ ಒಂದು ಪುಟ್ಟ ಸಾಧನ ಹುಡುಕಿದಳು. ಮೂಲ ಅಧ್ಯಾಯದಲ್ಲಿ ‘ದಕ್ಷಿಣ’ ಅಳಿಸಿ ‘ಉತ್ತರ’ ಬರೆದಳು. ಗುಂಡಿ ಒತ್ತಿದಳು. ನಾನು ಬಾದಾಮಿ ತೆರೆದೆ: ಉತ್ತರ. ಪಟ್ಟದಕಲ್ಲು: ಉತ್ತರ. ಇಳಕಲ್: ಎರಡೇ ಪ್ಯಾರಾ, ಅಲ್ಲೂ ಉತ್ತರ! ಮಾಸ್ತರರು ಮಕ್ಕಳಂತೆ ಚಪ್ಪಾಳೆ ತಟ್ಟಿದರು. ಮಾಲೀಕರು ಎಲ್ಲರಿಗೂ ಮಂಡಕ್ಕಿಯ ಗಿರ್ಮಿಟ್ ತರಿಸಿದರು. ಅಚ್ಚಿನ ಯಂತ್ರದ ಸದ್ದು ಸಂಜೆಗೆ ಮುಂಚೆಯೇ ಶುರುವಾಯಿತು.

ಗಿರಿಜಾ ಈಗ ಇಳಕಲ್ಲಿನಲ್ಲಿ ತನ್ನದೇ ಕಚೇರಿ ತೆರೆದಿದ್ದಾಳೆ. ನಿನ್ನೆ ಫೋನು ಮಾಡಿದ್ದಳು: “ಅಣ್ಣಾರ, ಕೆಲಸ ಭಾಳ ಬಂದೈತ್ರಿ. ಬರ್ತೀರೇನು?”

“ನೀ ಮಾಲಕಿ, ನಾ ಆಳು. ಬರ್ತೇನಿ,” ಎಂದಿದ್ದೆ.

ಇಳಕಲ್ ಬಸ್ಸು ಬಂತು. ಈ ವಯಸ್ಸಿನಲ್ಲಿ ಹೊಸ ಕೆಲಸಕ್ಕೆ ಹೊರಟವನು ನಾನು. ಕಿಟಕಿಯ ಪಕ್ಕದ ಸೀಟಿಗಾಗಿ ಹುಡುಗನಂತೆ ಓಡಿದೆ. ಸಿಕ್ಕಿತು!