ಓಂದ್ರೆಯ್‌ನ ಚೆಂಡು ನೆಟ್ಟಗಾದದ್ದು

ಓಂದ್ರೆಯ್‌ನ ಅಜ್ಜ ಮಾತುಶ್ ಹುದಾಕ್ ಸಮುದ್ರದಾಚೆಯ ಹಳೆಯ ದೇಶದಲ್ಲಿ ಕುರಿ ಕಾಯುತ್ತಿದ್ದವನು. ಮಂದೆಗೆ ನುಗ್ಗಿದ ತೋಳವನ್ನು ಒಂದೇ ಕಲ್ಲಿಗೆ ಕೆಡವಿದ್ದ. ಅಪ್ಪ ಯುರಾಯ್ ಹಡಗು ಹತ್ತಿ ನಮ್ಮ ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಗೆ ಬಂದ. ಇಳಿಜಾರಿನಲ್ಲಿ ಓಡುವ ಬಂಡಿಯ ಗಾಲಿಗೆ ಮರದ ಗೂಟ ಎಸೆದು ನಿಲ್ಲಿಸುವುದು ಅವನ ಕೆಲಸ. ಒಮ್ಮೆ ಕೊಂಡಿ ಕಳಚಿ ನುಗ್ಗಿದ ಬಂಡಿಯನ್ನು ಹಾಗೇ ತಡೆದು ಕೆಳಗಿದ್ದವರ ಜೀವ ಉಳಿಸಿದ. ಅಂಥ ಗುರಿ ನಮ್ಮ ಕಣಿವೆಯಲ್ಲಿ ಇನ್ನೊಂದು ಮನೆಗೆ ಇರಲಿಲ್ಲ.

ಓಂದ್ರೆಯ್ ಕೂಡ ಗೂಟ ಎಸೆದೇ ತೋಳು ಬಲಿಸಿಕೊಂಡವನು. ಭಾನುವಾರದ ಬೇಸ್‌ಬಾಲ್ ಆಟದಲ್ಲಿ ಅವನು ಎಸೆದ ಚೆಂಡು ಬ್ಯಾಟಿನ ಹತ್ತಿರಕ್ಕೆ ನೆಟ್ಟಗೆ ಬಂದು, ಕಾಲಡಿಯ ಹಲಗೆ ಕಿತ್ತಂತೆ ತಟಕ್ಕನೆ ಕುಸಿಯುತ್ತಿತ್ತು; ಬ್ಯಾಟು ಬೀಸಿದವನಿಗೆ ಗಾಳಿಯೇ ಸಿಗುತ್ತಿತ್ತು. ನಗರದ ತಂಡದವರು ನೋಡಿ, ಸಂಬಳ ಗೊತ್ತುಮಾಡಿ ಕರೆದೊಯ್ದರು. ಅಲ್ಲಿ ಅವನ ಹೆಸರು ಆಂಡಿ ಆಯಿತು. ಆಟ ಆಡಿ ಅನ್ನ ಉಣ್ಣಬಹುದು ಎಂಬುದನ್ನು ಅವನ ತಾಯಿ ಕಡೆಯವರೆಗೂ ನಂಬಲಿಲ್ಲ.

ಕೆಲವು ವರ್ಷ ಹೀಗೇ ಚೆನ್ನಾಗಿ ನಡೆಯಿತು. ಒಂದು ದಿನ ಪತ್ರಿಕೆಯವನೊಬ್ಬ ಬಂದು, "ಆ ಚೆಂಡನ್ನ ಹೆಂಗೆ ಹಿಡೀತೀರ, ಸ್ವಲ್ಪ ತೋರ್ಸಿ ಸ್ವಾಮಿ" ಎಂದ.

ಓಂದ್ರೆಯ್ ತನ್ನ ಕೈಯನ್ನು ಯಾರದೋ ಕೈ ನೋಡುವ ಹಾಗೆ ನೋಡಿದ. "ಹಿಂಗೆ... ಅಲ್ಲಲ್ಲ, ಹಿಂಗಿರ್ಬೇಕು. ತಾಳಿ..."

ಮರುದಿನ ಚೆಂಡು ಕುಸಿಯಲಿಲ್ಲ. ಅದರ ಮರುವಾರವೂ ಇಲ್ಲ. ನೆಟ್ಟಗೆ ಹೋಗಿ ಬ್ಯಾಟಿಗೆ ಬಡಿದು ಬೇಲಿ ದಾಟುತ್ತಿತ್ತು. "ತಟ್ಟೇಲಿಟ್ಟು ಬಡಿಸ್ತಿದೀಯಲ್ಲೋ, ಉಪ್ಪಿನಕಾಯಿನೂ ಹಾಕೋ!" ಎಂದು ಜನ ಕೂಗಿದರು. ಹೆಜ್ಜೆ ಉದ್ದ ಇಡು ಎಂದ ಮ್ಯಾನೇಜರು. ಬಿಯರ್ ಬಿಡು ಎಂದಳು ಅವನು ಉಣ್ಣುತ್ತಿದ್ದ ಊಟದ ಮನೆಯವಳು. ಎರಡನ್ನೂ ಮಾಡಿದ. ಹೆಬ್ಬೆರಳು ಮೊದಲು ಎಲ್ಲಿರುತ್ತಿತ್ತು? ಉಸಿರು ಬಿಡುತ್ತಿದ್ದನೋ, ಹಿಡಿಯುತ್ತಿದ್ದನೋ? ಯೋಚಿಸಿದಷ್ಟೂ ಸಿಕ್ಕು. ಕಡೆಗೆ ಮ್ಯಾನೇಜರು, ಈ ಶನಿವಾರ ಗೆಲ್ಲಿಸದಿದ್ದರೆ ಗಣಿಗೇ ಹೋಗು ಎಂದುಬಿಟ್ಟ.

ಆ ಶನಿವಾರ ನಮ್ಮೂರಿಂದ ನಾವು ನಾಲ್ಕಾರು ಜನ ರೈಲು ಹತ್ತಿ ಹೋಗಿದ್ದೆವು. ಆಟಗಾರರ ಬೆಂಚಿನ ಬೆನ್ನಿಗೇ ನನಗೆ ಜಾಗ ಸಿಕ್ಕಿತ್ತು. ಓಂದ್ರೆಯ್ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕುಳಿತಿದ್ದ. ಅವನ ಚೆಂಡು ಹಿಡಿಯುವ ಕ್ಯಾಚರ್ ಡೆನ್ನಿ ಗ್ಯಾಫ್ನಿ ಪಕ್ಕಕ್ಕೆ ಬಂದು ಕುಳಿತ.

"ಲೋ ಆಂಡಿ, ಇಷ್ಟು ವರ್ಷ ನಿನ್ ಎದುರಿಗೇ ಕುಕ್ಕರಗಾಲಲ್ಲಿ ಕೂತು ಮಂಡಿ ಸವೆಸಿದೀನಿ. ಮೊದ್ಲು ನೀನು ಏನು ಮಾಡ್ತಿದ್ದೆ, ಈಗ ಏನು ಬಿಟ್ಟಿದೀಯ, ನಂಗೊತ್ತು ಕಣೋ. ತಾನಾಗೇ ಸರಿಹೋಗ್ತೀಯ ಅಂತ ಸುಮ್ನಿದ್ದೆ. ಒಂದೇ ಮಾತು. ಹೇಳ್ಬಿಡ್ಲಾ?"

ನನಗೋ, ಹೂಂ ಅನ್ನೋ ಮಾರಾಯ ಎಂದು ಕೂಗಿಬಿಡುವಷ್ಟು ತಳಮಳ. ಅಷ್ಟರಲ್ಲಿ ಅಂಪೈರ್ ಕರೆದ. ಓಂದ್ರೆಯ್ ಎದ್ದು ನಿಂತ.

"ಬೇಡ ಕಣೋ ಡೆನ್ನಿ. ಆಗ್ಲೇ ತಲೇಲಿ ಹತ್ತು ಜನ ಮಾತಾಡ್ತಿದಾರೆ, ಯಾರದ್ದು ಕೇಳ್ಲಿ ಅಂತಾನೇ ತಿಳೀತಿಲ್ಲ. ನೀನೂ ಹೇಳಿದ್ರೆ ಅದನ್ನೂ ಯೋಚ್ನೆ ಮಾಡ್ಕೊಂಡು ನಿಂತ್ಕೋತೀನಿ. ಸುಮ್ನೆ ಹೋಗಿ ಅಲ್ಲಿ ಕೂತ್ಕೊ, ಏನ್ ಬರುತ್ತೋ ಹಿಡಿ."